ಬೋಣಿ ರೇಟು, ಬೋರ್ಡ್ ರೇಟು

ನಮ್ಮ ಅಂಗಡಿಯ ಗೋಡೆಯ ಮೇಲೊಂದು ಬೋರ್ಡಿದೆ. 'ಒಂದೇ ಬೆಲೆ. ಚೌಕಾಸಿ ಇಲ್ಲ' ಎಂದು ಕೆಂಪು ಅಕ್ಷರದಲ್ಲಿ ನಾನೇ ಬರೆಸಿದ್ದು. ತುಮಕೂರಿನ ಜನ ಅದನ್ನು ಓದುತ್ತಾರೆ, ಸರಿ ಎಂಬಂತೆ ತಲೆಯಾಡಿಸುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ "ಅದಿರ್ಲಿ, ಕೊನೇ ರೇಟು ಹೇಳಮ್ಮ" ಎನ್ನುತ್ತಾರೆ. ಗುಬ್ಬಿ ಕಡೆಯವರು ಇನ್ನೂ ಚುರುಕು. ಬೋರ್ಡಿಗೆ ಬೆನ್ನು ಹಾಕಿ ನಿಂತುಕೊಂಡೇ ಮಾತು ಶುರು ಮಾಡುತ್ತಾರೆ. ಇದನ್ನು ನಾನು ಧೈರ್ಯವಾಗಿ ಹೇಳಬಹುದು, ಯಾಕೆಂದರೆ ನಮ್ಮಮ್ಮನ ತವರು ಗುಬ್ಬಿ.

ಅಂಗಡಿ ನಮ್ಮಪ್ಪ ಕರಿಬಸವಯ್ಯನವರದು. ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಎರಡನೇ ಕಟ್ಟಡ. ಮೊದಲೆಲ್ಲ ಕರಿ ಸೈಕಲ್ಲು, ಮಕ್ಕಳ ಸೈಕಲ್ಲು ಮಾತ್ರ ಇರುತ್ತಿದ್ದವು. ನಾನು ಬಂದ ಮೇಲೆ ಮುಂದಿನ ಅರ್ಧ ಅಂಗಡಿಯಲ್ಲಿ ಮೌಂಟನ್ ಬೈಕುಗಳನ್ನು ತಂದು ನಿಲ್ಲಿಸಿದೆ. ಈ ಊರಿನಲ್ಲಿ ಮೌಂಟನ್ ಬೈಕ್ ಮಾರುವುದೆಂದರೆ ಬೆಳಗಿನಿಂದ ಸಂಜೆಯವರೆಗೆ ಪಾಠ ಹೇಳುವುದು. "ಆ ಅಂಗಡೀಲಿ ಇಪ್ಪತ್ತೊಂದು ಗೇರ್ ಕೊಡ್ತಾರೆ, ನೀನು ಒಂಬತ್ತು ಕೊಟ್ಟು ಜಾಸ್ತಿ ಕೇಳ್ತೀಯಲ್ಲ" ಎನ್ನುತ್ತಾರೆ. ಗೇರು ಇವರ ಪಾಲಿಗೆ ಬಾಳೆಹಣ್ಣು, ಡಜನ್ನಿನಲ್ಲಿ ಜಾಸ್ತಿ ಬರಬೇಕು. ಪೆಡಲಿನ ಹತ್ತಿರ ಹಲ್ಲುಚಕ್ರ ಒಂದೇ ಇದ್ದರೆ ಚೈನು ಬೀಳುವುದು ಕಡಿಮೆ, ಕೆಡುವ ಸಾಮಾನೂ ಕಡಿಮೆ ಎಂದು ನಾನು ಗಂಟಲು ಹರಿದುಕೊಳ್ಳಬೇಕು. ಇನ್ನು ಕೆಲವರು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸುತ್ತಾರೆ. ಡಬ್ಬ ಬಿಚ್ಚಿ ಮನೆಯಲ್ಲೇ ಜೋಡಿಸುತ್ತಾರೆ, ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಹಿಂದುಮುಂದಾಗಿ ಹಾಕುತ್ತಾರೆ, ಹ್ಯಾಂಡಲ್ ಯಾಕೋ ವಾಲುತ್ತಿದೆಯೆಂದು ನನ್ನ ಹತ್ತಿರ ಬರುತ್ತಾರೆ. ಸರಿ ಮಾಡಿಕೊಟ್ಟರೆ, "ಬರೀ ತಿರುಗ್ಸೋಕೂ ದುಡ್ಡಾ?"

ಗಿರಾಕಿಗಳನ್ನಾದರೂ ಸಹಿಸಬಹುದು. ನನ್ನ ಬೋರ್ಡಿನ ನಿಜವಾದ ಶತ್ರು ಅಪ್ಪ. ಅವರಿಗೆ ಬೋಣಿ ಎಂದರೆ ದೇವರು. ಬೆಳಿಗ್ಗೆ ಮೊದಲು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಇಡೀ ದಿನದ ವ್ಯಾಪಾರ ಕೆಟ್ಟಿತು ಎಂದೇ ಲೆಕ್ಕ. ಹಾಗಾಗಿ ಮೊದಲ ಗಿರಾಕಿ ಬಾಯಿಗೆ ಬಂದ ರೇಟು ಕೇಳಿದರೂ ಅಪ್ಪ "ಆಯ್ತು ತಗೊಳಿ, ಬೋಣಿ" ಎಂದು ಕೊಟ್ಟುಬಿಡುತ್ತಾರೆ. ದುಡ್ಡನ್ನು ಕಣ್ಣಿಗೊತ್ತಿಕೊಂಡು ಡ್ರಾಯರಿಗೆ ಹಾಕುತ್ತಾರೆ. ನಷ್ಟದ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುವವರನ್ನು ನಾನು ನೋಡಿದ್ದು ನಮ್ಮ ಮನೆಯಲ್ಲೇ. ನಾನು ಹಾಗೆಂದು ರೇಗಿಸಿದರೆ, "ನಿಂಗೆ ಗೊತ್ತಾಗಲ್ಲ ಕಣೇ ಪಲ್ಲವಿ, ಸುಮ್ಕಿರು" ಎಂದುಬಿಡುತ್ತಾರೆ.

ಈ ನಡುವೆ ಅಪ್ಪನ ದೊಡ್ಡಪ್ಪನ ಮಗ ಚನ್ನವೀರಯ್ಯ ಎಲೆಕ್ಟ್ರಿಕ್ ಸ್ಕೂಟರ್ ಏಜೆನ್ಸಿ ಹಿಡಿದರು. ಅವರ ಕಣ್ಣು ನಮ್ಮ ಅಂಗಡಿಯ ಮುಂದಿನ ಅರ್ಧದ ಮೇಲೆ ಬಿತ್ತು. ತಿಂಗಳಾದರೆ ಬಾಡಿಗೆ ಗ್ಯಾರಂಟಿ ಎಂದರು. ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದರು.

"ದಸರಾ ಮುಗ್ದು ಅಂಗಡಿ ತೆಗ್ಯೋ ದಿನದ ತನಕ ಟೈಮು. ಅಷ್ಟ್ರಲ್ಲಿ ನಿನ್ ಬೋರ್ಡ್ ರೇಟಿಗೆ ಒಂದು ದೊಡ್ಡ ವ್ಯಾಪಾರ ಆಗಿದ್ದನ್ನ ನಾನು ಕಣ್ಣಾರೆ ನೋಡ್ಬೇಕು. ಆಯ್ತು ಅಂದ್ರೆ ಅಂಗಡಿ ನೀನು ಹೇಳಿದಂಗೆ ನಡೀಲಿ. ಆಗ್ಲಿಲ್ಲ ಅಂದ್ರೆ ಮುಂದ್ಗಡೆ ಚನ್ನವೀರಯ್ಯಂಗೆ. ಬೇಜಾರು ಮಾಡ್ಕಬಾರ್ದು."

ಬೇಜಾರು ಮಾಡಿಕೊಳ್ಳದೆ ಏನು ಮಾಡಲಿ? ಆ ಅರ್ಧ ಅಂಗಡಿಯ ಒಂದೊಂದು ಸೈಕಲ್ಲನ್ನೂ ನಾನೇ ಆರಿಸಿ ತಂದು, ನನ್ನ ಕೈಯಾರೆ ಜೋಡಿಸಿದ್ದು. ಅದನ್ನು ಸ್ಕೂಟರಿಗೆ ಬಿಟ್ಟುಕೊಟ್ಟು ಹಿಂದೆ ಕೂತು ಮಕ್ಕಳ ಸೈಕಲ್ಲಿಗೆ ಗಾಳಿ ಹೊಡೆಯುವುದು ನನ್ನ ಕೈಲಾಗದ ಮಾತು.

ಸರಿಯಾಗಿ ಆಗ ಕುಣಿಗಲ್ಲಿನಿಂದ ವೆಂಕಟೇಶಯ್ಯನವರು ಬಂದರು.

ರಿಟೈರಾದ ಕಾಮರ್ಸ್ ಲೆಕ್ಚರರ್. ಕುಣಿಗಲ್ ದೊಡ್ಡಕೆರೆ ಏರಿಯ ಮೇಲೆ ಬೆಳಿಗ್ಗೆ ಸೈಕಲ್ ತುಳಿಯುವ ಒಂದು ಗುಂಪಿಗೆ ಇವರೇ ಮುಖಂಡರು. ಗುಂಪಿನ ಎಂಟು ಜನಕ್ಕೂ ಹೊಸ ಸೈಕಲ್ ಬೇಕಿತ್ತು, ಇವರು ಯಾವುದು ಹೇಳಿದರೆ ಅದು. ಮೊಬೈಲಿನಲ್ಲಿ ಮೂರು ಅಂಗಡಿಗಳ ರೇಟಿನ ಫೋಟೋ ಇಟ್ಟುಕೊಂಡೇ ಬಂದಿದ್ದರು. ನಾನು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಒಂದು ಬೈಕ್ ತೋರಿಸಿದೆ. ಚಕ್ರದ ನಡುವೆ ಹೊಳೆಯುವ ಉಕ್ಕಿನ ತಟ್ಟೆ, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಪುಟ್ಟ ಪ್ಯಾಡುಗಳು. ಎರಡು ಬೆರಳು ಸಾಕು, ಗಾಡಿ ನಿಲ್ಲುತ್ತದೆ.

"ಈ ಡಿಸ್ಕ್ ಬ್ರೇಕ್ ಅನ್ನೋದೇ ದೊಡ್ಡ ಮೋಸ" ಎಂದರು ವೆಂಕಟೇಶಯ್ಯ. "ಹೋದ ವರ್ಷ ಆನ್‌ಲೈನಲ್ಲಿ ಒಂದು ತರಿಸಿದ್ದೆ. ತಿಂಗಳಲ್ಲೇ ಬ್ರೇಕು ಹೋಯ್ತು. ದೇವರಾಯನದುರ್ಗದಿಂದ ಕೆಳಗಿನ ತನಕ ತಳ್ಕೊಂಡು ಬಂದೆ. ಕೋತಿಗಳೂ ನಕ್ಕವು."

"ಅದು ಬೇರೆ, ಇದು ಬೇರೆ ಸಾರ್."

"ಹಾಗಾದ್ರೆ ಅದೇ ಘಾಟಿಯಲ್ಲಿ ತೋರ್ಸು. ವಿಜಯದಶಮಿ ಬೆಳಿಗ್ಗೆ, ದಿನ ಚೆನ್ನಾಗಿದೆ. ಮೇಲಿಂದ ನಾನೇ ಇಳೀತೀನಿ. ಬ್ರೇಕ್ ಹಿಡಿದಾಗ ಗಾಡಿ ನಿಂತ್ರೆ ಎಂಟೂ ಬೈಕು ನಿನ್ನ ಬೋರ್ಡ್ ರೇಟಿಗೆ. ನಿಲ್ಲಲಿಲ್ಲ ಅಂದ್ರೆ ನಾನು ಹೇಳಿದ್ದು ರೇಟು."

ಗಲ್ಲಾದ ಹಿಂದೆ ಕೂತಿದ್ದ ಅಪ್ಪ ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. ನಾನು ಹೂಂ ಎಂದೆ.

ಆಯುಧಪೂಜೆ ಬಂತು. ನಮ್ಮ ಅಂಗಡಿಯಲ್ಲಿ ಅವತ್ತು ಅಮ್ಮನದೇ ಆಡಳಿತ. ಅಮ್ಮ ಶಿವರುದ್ರಮ್ಮ ಗುಬ್ಬಿಯಿಂದ ತರಿಸಿದ ವಿಭೂತಿ ಗಟ್ಟಿ, ಸೇವಂತಿಗೆ ಮಾಲೆ, ಬೂದುಗುಂಬಳ ಎಲ್ಲ ಹಿಡಿದು ಬಂದರು. ಸ್ಪ್ಯಾನರು, ಪಂಪು, ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿ ಪೂಜೆಗಿಟ್ಟರು. ಪೂಜೆಗಿಟ್ಟ ಮೇಲೆ ಯಾವುದನ್ನೂ ಮುಟ್ಟುವಂತಿಲ್ಲ, ಅವತ್ತು ಯಾವ ಗಾಡಿಯನ್ನೂ ಓಡಿಸುವಂತಿಲ್ಲ. ನಾಳೆ ದುರ್ಗಕ್ಕೆ ಹೋಗುವ ಬೈಕ್ ಯಾವುದೆಂದು ಕೇಳಿಕೊಂಡು ಅದಕ್ಕೆ ವಿಶೇಷ ಅಲಂಕಾರ ಮಾಡಿದರು. ಇನ್ನು ನಾನು ದಿನಾ ತುಳಿಯುವ ನನ್ನ ಸ್ವಂತ ಬೈಕು, ಅದೂ ಇದೇ ಮಾಡೆಲ್ಲು, ಹಿಂದಿನ ದಿನ ಊರ್ಡಿಗೆರೆ ಕಡೆ ಹೊಲದ ದಾರಿಯಲ್ಲಿ ಹೋಗಿ ಮೈತುಂಬ ಕೆಸರಾಗಿತ್ತು.

"ಸ್ನಾನ ಇಲ್ದಿರೋದಕ್ಕೆ ನಾನು ಪೂಜೆ ಮಾಡಲ್ಲ. ಅದನ್ನ ಆಚೆಗಿಡು" ಎಂದರು ಅಮ್ಮ. ನಾನು ಅದನ್ನು ಹಿತ್ತಲ ಗೋಡೆಗೆ ಒರಗಿಸಿದೆ.

ಮಾರನೇ ದಿನ ಬೆಳಿಗ್ಗೆ ಪೂಜೆಯ ಬೈಕನ್ನು ವ್ಯಾನಿಗೆ ಏರಿಸುವಾಗ ನೋಡಿದರೆ ಡಿಸ್ಕಿನ ತಟ್ಟೆಯ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ! ಬಟ್ಟೆ ತಗೊಂಡು ಚೆನ್ನಾಗಿ ಒರೆಸಿದೆ. ತಟ್ಟೆ ಮತ್ತೆ ಫಳಫಳ ಹೊಳೆಯಿತು. ಸದ್ಯ, ನೋಡಿದೆನಲ್ಲ ಎಂದುಕೊಂಡೆ. ಅಪ್ಪ ವ್ಯಾನು ಓಡಿಸಿದರು, ಅಮ್ಮ ಬುತ್ತಿ ಹಿಡಿದು ಪಕ್ಕದಲ್ಲಿ ಕೂತರು. ನಾನು ನನ್ನ ಕೆಸರಿನ ಬೈಕ್ ತುಳಿದುಕೊಂಡೇ ದುರ್ಗ ಹತ್ತಿದೆ. ಹಿಂದಿನ ರಾತ್ರಿ ಮಳೆ ಬಿದ್ದು ಕಾಡೆಲ್ಲ ಹಸಿರಾಗಿತ್ತು. ಒಂಬತ್ತೇ ಗೇರಿನಲ್ಲಿ ಹತ್ತುತ್ತಿದ್ದೇನೆ ನೋಡ್ರಪ್ಪ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು.

ಮೇಲೆ ದೇವಸ್ಥಾನದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ವೆಂಕಟೇಶಯ್ಯ ಆಗಲೇ ಹೆಲ್ಮೆಟ್ ಬಿಗಿದುಕೊಂಡು ನಿಂತಿದ್ದರು. ಜೊತೆಗೆ ಹೆಂಡತಿ ಕೌಸಲ್ಯ. ಕಾರಿನಲ್ಲಿ ಬಂದರೂ ಘಾಟಿಯ ತಿರುವಿಗೆ ಹೊಟ್ಟೆ ತೊಳಸುತ್ತದೆಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಿದ್ದರು.

ಬೈಕ್ ಇಳಿಸಿದೆವು. "ಒಂದ್ಸಲ ಇಲ್ಲೇ ನೋಡಿಬಿಡ್ತೀನಿ ಸಾರ್" ಎಂದು ಸಮತಟ್ಟಿನ ಜಾಗದಲ್ಲಿ ನಾನೇ ಒಂದು ಸುತ್ತು ಹೊಡೆದು ಬ್ರೇಕ್ ಹಿಡಿದೆ.

ಕೀಂಯ್ ಎಂದು ಒಂದು ಕೂಗು ಎದ್ದಿತು. ಮರದ ಮೇಲಿದ್ದ ಕೋತಿಗಳು ದಡಬಡ ಓಡಿದವು. ಬೈಕು ಮಾತ್ರ ನಿಲ್ಲಲಿಲ್ಲ. ಮೆಲ್ಲಗೆ ಜಾರಿಕೊಂಡು ಹೋಗಿ ಚಪ್ಪಲಿ ಕಾಯುವ ಅಂಗಡಿಯ ಪಕ್ಕದ ಮೋರಿಕಟ್ಟೆಗೆ ತಾಗಿ ನಿಂತಿತು. ಡಿಸ್ಕ್ ಮುಟ್ಟಿ ನೋಡಿದೆ. ಬೆರಳು ಜಾರಿತು. ಮೂಸಿದೆ, ಹರಳೆಣ್ಣೆ.

"ಅಮ್ಮಾ!"

"ಯಾಕೆ ಹಂಗ್ ಕಿರುಚ್ತೀಯ?" ಎಂದರು ಅಮ್ಮ.

"ಇದಕ್ಕೆ ಎಣ್ಣೆ ಹಾಕಿದ್ಯಾ?"

"ಮತ್ತೆ? ಎಣ್ಣೆ ಸವರ್ದೆ ಕಬ್ಬಿಣದ್ ಮೇಲೆ ಕುಂಕುಮ ಎಲ್ಲಿ ನಿಲ್ತದೆ? ಎಷ್ಟು ಚೆಂದ ಹೊಳೀತಿತ್ತು ತಟ್ಟೆ. ಅದುಕ್ಕೇ ಚೆನ್ನಾಗಿ ಹಚ್ಚಿದೆ, ಎರಡೂ ಕಡೆ."

ಡಿಸ್ಕ್ ಬ್ರೇಕಿಗೆ ಎಣ್ಣೆ ತಾಗಿದರೆ ಮುಗಿಯಿತು. ಪ್ಯಾಡು ಅದನ್ನು ಹೀರಿಕೊಂಡುಬಿಡುತ್ತದೆ. ಹೊಸ ಪ್ಯಾಡು ಹಾಕಿ ಸ್ಪಿರಿಟ್ಟಿನಲ್ಲಿ ತೊಳೆದರೆ ಮಾತ್ರ ದಾರಿ. ಅವೆರಡೂ ಅಂಗಡಿಯಲ್ಲಿ ಪೂಜೆಗೆ ಕೂತಿದ್ದವು. ನಾನು ಒರೆಸಿದ್ದು ಬಣ್ಣವನ್ನು, ಎಣ್ಣೆಯನ್ನಲ್ಲ. ಅಮ್ಮನ ಮೇಲೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ವರ್ಷಗಟ್ಟಲೆ ಕೂಡಿಸಿದ್ದೆಲ್ಲ ಒಂದು ಬೆರಳು ಹರಳೆಣ್ಣೆಯಲ್ಲಿ ಜಾರಿ ಹೋಗುತ್ತಿತ್ತು.

ವೆಂಕಟೇಶಯ್ಯ ಬಂದು ಬೈಕಿನ ಹ್ಯಾಂಡಲ್ ಹಿಡಿದರು. "ಏನಮ್ಮ, ಇಳೀಲಾ?"

"ಬೇಡ ಸಾರ್. ಇದರಲ್ಲಿ ಇಳೀಬಾರ್ದು" ಎಂದು ನಡೆದದ್ದನ್ನು ಹೇಳಿದೆ. ಅಪ್ಪ ವ್ಯಾನಿಗೆ ಒರಗಿ ನೆಲ ನೋಡುತ್ತಿದ್ದರು.

'ಈಗ ನಾನು ಹೇಳಿದ್ದೇ ರೇಟು' ಎನ್ನುತ್ತಾರೆಂದು ಕಾದೆ. ಆದರೆ ಮನುಷ್ಯ ಹ್ಯಾಂಡಲ್ ಬಿಟ್ಟು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದರು. ಕೌಸಲ್ಯ ನಗಲು ಶುರು ಮಾಡಿದರು. ಮೂಸುತ್ತಿದ್ದ ನಿಂಬೆಹಣ್ಣು ಕೈಜಾರುವಷ್ಟು ನಕ್ಕರು.

"ನಮ್ಮನೆಯದಕ್ಕೆ ಇವರೇ ಹಾಕಿದ್ದು ಕಣಮ್ಮ! ಹೊಲಿಗೆ ಮಿಷನ್ ಎಣ್ಣೆ. ಏನೋ ಕಿರುಗುಟ್ಟತ್ತೆ ಅಂತ ತಿರುಗೋದಕ್ಕೆಲ್ಲ ಹಾಕಿದ್ರು, ಆ ತಟ್ಟೆಗೂ ಹಾಕಿದ್ರು. ಆಮೇಲೆ ವರ್ಷವೆಲ್ಲ ಕಂಪನಿಯೋರನ್ನ ಬೈದಿದ್ದೇ ಬೈದಿದ್ದು."

"ಸುಮ್ನಿರೇ" ಎಂದರು ವೆಂಕಟೇಶಯ್ಯ. ಕಿವಿ ಕೆಂಪಾಗಿತ್ತು. "ಆದ್ರೂ ಮಾತು ಮಾತೇ. ಇಳಿದು ನೋಡದೆ ನಾನು ಒಪ್ಪಲ್ಲ."

"ಹಾಗಾದ್ರೆ ನನ್ನ ಬೈಕ್ ತಗೊಳಿ. ಇದೇ ಮಾಡೆಲ್ಲು, ಇದೇ ಬ್ರೇಕು. ವರ್ಷದಿಂದ ದಿನಾ ಓಡ್ತಿದೆ. ಹೊಸದಕ್ಕಿಂತ ಇದೇ ಸರಿಯಾದ ಪರೀಕ್ಷೆ."

ಅವರಿಗೆ ಹಿಡಿಸಿತು. ಕೆಸರಿನ ಬೈಕಿನ ಹತ್ತಿರ ಹೋದರು, ಬ್ರೇಕ್ ಒತ್ತಿದರು, ಕಾಲು ಎತ್ತಿ ಇನ್ನೇನು ಕೂರಬೇಕು, ಅಷ್ಟರಲ್ಲಿ ತಿರುಗಿ ಕೇಳಿದರು. "ಇದಕ್ಕೆ ಪೂಜೆ ಆಗಿದೆ ತಾನೇ?"

"ಇಲ್ಲ" ಎಂದೆ.

ಎತ್ತಿದ ಕಾಲನ್ನು ಕೆಳಗಿಟ್ಟರು. "ಆಯುಧಪೂಜೆ ಮಾರನೇ ದಿನ, ಪೂಜೆ ಇಲ್ಲದ ಗಾಡಿಯಲ್ಲಿ ಘಾಟಿ ಇಳಿಯೋದಾ? ಛೆ ಛೆ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪೂಜೆಯಾದ ಗಾಡಿಗೆ ಬ್ರೇಕಿಲ್ಲ, ಬ್ರೇಕಿರುವ ಗಾಡಿಗೆ ಪೂಜೆಯಿಲ್ಲ. ಕಾಮರ್ಸ್ ಓದಿಸಿದವರೂ ಸೈ, ಕೋತಿಗಳೂ ಸೈ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೊಸ ಹುರುಪು ಬಂದದ್ದು ಅಮ್ಮನಿಗೆ ಮಾತ್ರ.

"ಅಷ್ಟೇ ತಾನೇ? ಇಲ್ಲೇ ಮಾಡಿದ್ರಾಯ್ತು. ಮೊದ್ಲು ಇದಕ್ಕೆ ಸ್ನಾನ ಮಾಡ್ಸು."

ಕುಡಿಯುವ ನೀರಿನ ಕ್ಯಾನು ಖಾಲಿ ಮಾಡಿ ಕೆಸರು ತೊಳೆದೆ. ಅಮ್ಮನ ಸೆರಗಿನ ಗಂಟಿನಲ್ಲಿ ವಿಭೂತಿ ಇತ್ತು. ಮಾಲೆಯನ್ನು ಆ ಬೈಕಿನಿಂದ ಬಿಚ್ಚಿ ಇದಕ್ಕೆ ಕಟ್ಟಿದರು. ಅವರ ಕೈ ಕೆಳಗಿಳಿಯುತ್ತಿದ್ದಂತೆ ನಾನು ಮಣಿಕಟ್ಟು ಹಿಡಿದೆ.

"ಹ್ಯಾಂಡಲ್ಲಿಗೆ ಮಾತ್ರ!"

"ತಟ್ಟೆಗೆ ಚೂರೇ ಚೂರು..."

"ಅಮ್ಮಾ!"

"ಆಯ್ತು ಬುಡು, ನಿನ್ ತಟ್ಟೆ ನೀನೇ ಇಟ್ಕೋ."

ಕೌಸಲ್ಯ ತಮ್ಮ ನಿಂಬೆಹಣ್ಣನ್ನೂ, ಚೀಲದಲ್ಲಿದ್ದ ಇನ್ನೊಂದನ್ನೂ ತಂದು ಎರಡು ಚಕ್ರಗಳ ಕೆಳಗಿಟ್ಟರು. ವೆಂಕಟೇಶಯ್ಯ ಅವುಗಳ ಮೇಲೆ ಹಾಯಿಸಿಕೊಂಡು ಇಳಿಜಾರಿಗೆ ತಿರುಗಿದರು. ಪೆಡಲ್ ತುಳಿಯದೆ ಬರೀ ಬ್ರೇಕಿನ ಮೇಲೆ ಇಳಿಯುವುದೆಂದು ಮೊದಲೇ ಮಾತಾಗಿತ್ತು.

ಕೌಸಲ್ಯರನ್ನೂ ಹತ್ತಿಸಿಕೊಂಡು ನಾವು ವ್ಯಾನಿನಲ್ಲಿ ಅವರ ಹಿಂದೆ ಹೊರಟೆವು. ಅಪ್ಪ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಮೊದಲ ತಿರುವಿನಲ್ಲಿ ವೆಂಕಟೇಶಯ್ಯ ಮುದುರಿಕೊಂಡು ಹೋದರು. ಎರಡನೆಯದರಲ್ಲಿ ಸ್ವಲ್ಪ ನೆಟ್ಟಗಾದರು. ಆಮೇಲೆ ಧೈರ್ಯ ಬಂದು ಗಾಡಿಯನ್ನು ಹರಿಯಬಿಟ್ಟರು. ಕಡಿದಾದ ತಿರುವಿನ ಹತ್ತಿರ, ಇನ್ನೇನು ಬಾಗಬೇಕು, ಮರಿಯನ್ನು ಹೊಟ್ಟೆಗಂಟಿಸಿಕೊಂಡ ಒಂದು ಕೋತಿ ಪೊದೆಯಿಂದ ರಸ್ತೆಗೆ ಹಾರಿ ನಟ್ಟನಡುವೆ ಕೂತುಬಿಟ್ಟಿತು.

"ಶಿವಾ" ಎಂದರು ಅಪ್ಪ.

ಬೈಕು ನಿಂತಿತು. ಕೂಗಲಿಲ್ಲ, ಜಾರಲಿಲ್ಲ, ಕೋತಿಗೂ ಅದಕ್ಕೂ ನಡುವೆ ಒಂದು ಮಾರು ಜಾಗ ಉಳಿಸಿ ಸುಮ್ಮನೆ ನಿಂತಿತು. ಕೋತಿ ವೆಂಕಟೇಶಯ್ಯನವರನ್ನು ಮೇಲಿಂದ ಕೆಳಗೆ ನೋಡಿ ತನ್ನ ಪಾಡಿಗೆ ಎದ್ದು ಹೋಯಿತು. ಅವರು ತಿರುಗಿ ನಮ್ಮ ಕಡೆ ನೋಡಿದರು. ಅಷ್ಟು ದೊಡ್ಡ ಮನುಷ್ಯನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ವ್ಯಾನಿನೊಳಗೆ ನಾನೂ ಅಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದೆವು. ಎಣ್ಣೆಯ ವಿಷಯ ಆ ಕ್ಷಣಕ್ಕೆ ಮರೆತೇ ಹೋಯಿತು.

ಕೆಳಗೆ ನಾಮದ ಚಿಲುಮೆಯ ಹತ್ತಿರ ನೆರಳಿನಲ್ಲಿ ಕೂತು ಎಲ್ಲರೂ ಚಿತ್ರಾನ್ನ ತಿಂದೆವು. "ಒಪ್ಪಿದೆ ಕಣಮ್ಮ" ಎಂದರು ವೆಂಕಟೇಶಯ್ಯ. "ನಾಳೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ."

ಅಲ್ಲಿಗೆ ಮುಗಿಯಬೇಕಿತ್ತು. ಅಮ್ಮ ಇನ್ನೊಂದು ಸೌಟು ಬಡಿಸುತ್ತಾ ಪ್ರೀತಿಯಿಂದ ಹೇಳಿದರು. "ಬನ್ನಿ ಸ್ವಾಮಿ, ಹಬ್ಬ ಆದ್ಮೇಲೆ ನಾಳೇನೆ ಮೊದ್ಲು ಅಂಗಡಿ ತೆಗ್ಯೋದು. ವರ್ಷದ ಬೋಣಿ. ನಮ್ಮೋರು ಬೋಣಿ ಗಿರಾಕಿ ಕೇಳಿದ್ದಕ್ಕೆ ಇಲ್ಲ ಅಂದಿದ್ದೇ ಇಲ್ಲ."

ನಾನು ಅಮ್ಮನ ಕಾಲು ತುಳಿದೆ. ತಡವಾಗಿತ್ತು. ವೆಂಕಟೇಶಯ್ಯನವರ ಕೈಯ ತುತ್ತು ಬಾಯಿಯ ಹತ್ತಿರ ಒಂದು ಕ್ಷಣ ನಿಂತಿತು, ಕಣ್ಣಿನಲ್ಲಿ ಕಾಮರ್ಸ್ ಲೆಕ್ಚರರ್ ಎದ್ದು ಕೂತರು.

"ಹೌದಾ?" ಎಂದರು ಮೆಲ್ಲಗೆ. "ಎಷ್ಟು ಹೊತ್ತಿಗೆ ತೆಗೀತೀರಿ?"

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅಪ್ಪನಿಗೆ ಹೇಳಿದೆ, ಅವರು ಮಾತು ಕೊಟ್ಟಿದ್ದಾರೆ, ನೀವು ರೇಟು ಇಳಿಸಬಾರದು, ಇಳಿಸಿದರೆ ಬೋರ್ಡಿಗೆ ಅರ್ಥವಿಲ್ಲ, ನನಗೂ ಇಲ್ಲ. ಅಪ್ಪ ಎದುರು ರಸ್ತೆ ನೋಡುತ್ತಾ ಗೇರು ಬದಲಾಯಿಸಿದರು, ಅಷ್ಟೇ. ಬೋಣಿ ಗಿರಾಕಿಗೆ ಆಗಲ್ಲ ಎಂದು ಅವರ ಬಾಯಲ್ಲಿ ಇಷ್ಟು ವರ್ಷಗಳಲ್ಲಿ ಬಂದಿಲ್ಲ, ನಾಳೆಯೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬೆಳಿಗ್ಗೆ ನಾವು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುವಷ್ಟರಲ್ಲೇ ಮುಂದೆ ಶಟರ್ ಆಚೆ ಗುಜುಗುಜು ಮಾತು. ಕುಣಿಗಲ್ಲಿನಿಂದ ಇಡೀ ಗುಂಪು ಗೂಳೂರು ದಾಟಿ, ನಮಗಿಂತ ಮೊದಲೇ ಬಂದು ನಿಂತಿತ್ತು. ಒಳಗಿನ ಕತ್ತಲಲ್ಲಿ ವೆಂಕಟೇಶಯ್ಯನವರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಮೊದಲು ನಾನು ಕಾಲಿಡ್ತೀನಿ. ಮಿಕ್ಕವರೆಲ್ಲ ನನ್ನ ಹಿಂದೆ ಇರಿ."

ನನಗೆ ಅಳು ಬರುವುದೊಂದು ಬಾಕಿ. ಅಪ್ಪ ಲೈಟು ಹಾಕಿದರು, ದೇವರ ಪಟಕ್ಕೆ ಊದುಬತ್ತಿ ಹಚ್ಚಿದರು. ಶಟರಿನ ಕಡೆಗೆ ಹೋಗುವ ಬದಲು ಬೆಲ್ಲುಗಳನ್ನು ನೇತುಹಾಕಿದ್ದ ಗೋಡೆಯ ಮುಂದೆ ನಿಂತರು. ಅದೂ ಇದೂ ಮುಟ್ಟಿ ನೋಡಿ, ಒಂದು ಹಿತ್ತಾಳೆಯ ಬೆಲ್ಲನ್ನು ತೆಗೆದು ನನ್ನ ಮುಂದೆ ಹಿಡಿದರು.

"ಇದೆಷ್ಟು?"

"ಅದು ಯಾಕಪ್ಪ ಈಗ? ಆಚೆ ಅವರು..."

"ಎಷ್ಟು ಅಂದೆ."

"ಇನ್ನೂರೈವತ್ತು."

"ಬೆಲ್ಲಿಗಾ? ಕೊನೇ ರೇಟು ಹೇಳು."

ನನಗೆ ಇನ್ನೂ ಅರ್ಥವಾಗಿರಲಿಲ್ಲ. ಸಿಟ್ಟಿನಲ್ಲಿ ಗೋಡೆಯ ಬೋರ್ಡಿಗೆ ಬೆರಳು ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ಮೊದಲ ಸಲ ನೋಡುವವರಂತೆ, ಅದನ್ನು ತುಟಿ ಅಲ್ಲಾಡಿಸಿ ಪೂರ್ತಿ ಓದಿದರು. ಆಮೇಲೆ ಅಂಗಿಯ ಒಳಜೇಬಿನಿಂದ ದುಡ್ಡು ತೆಗೆದರು. ತಮ್ಮದೇ ಅಂಗಡಿಯಲ್ಲಿ ಒಂದು ನಟ್ಟಿಗೂ ದುಡ್ಡು ಕೊಟ್ಟವರಲ್ಲ ಅವರು. ಇನ್ನೂರೈವತ್ತನ್ನೂ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಬೋಣಿ ಆಯ್ತಲ್ಲ?" ಎಂದರು.

ತಲೆಯಾಡಿಸಿದೆ.

ಅಪ್ಪ ಶಟರ್ ಎತ್ತಿದರು. ವೆಂಕಟೇಶಯ್ಯ ಬಲಗಾಲು ಮುಂದಿಟ್ಟು ನಗುತ್ತಾ ಒಳಗೆ ಬಂದರು. "ಕರಿಬಸವಯ್ಯನವರೇ, ನಾನೇ ಮೊದಲ ಗಿರಾಕಿ. ಬೋಣಿ ನಮ್ಮದು. ಬೋರ್ಡ್ ರೇಟಲ್ಲ, ಬೋಣಿ ರೇಟು ಹೇಳಿ."

"ಅಯ್ಯೋ, ಬೋಣಿ ಆಗೋಯ್ತಲ್ಲ ಸಾರ್."

"ಯಾರು ಮಾಡಿದ್ರು? ಶಟರ್ ತೆಗೆದಿದ್ದೇ ಈಗ!"

ಅಪ್ಪ ಕೈಯಲ್ಲಿದ್ದ ಬೆಲ್ಲನ್ನು ಎತ್ತಿ ಒಂದು ಸಲ ಟ್ರಿಣ್ ಎನ್ನಿಸಿದರು. "ಇನ್ನು ನಮ್ ಹುಡುಗಿ ಹೇಳಿದ್ದೇ ರೇಟು" ಎಂದು ಹಿಂದಕ್ಕೆ ಸರಿದು ಮಕ್ಕಳ ಸೈಕಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಗಲ್ಲಾದ ಕುರ್ಚಿ ಖಾಲಿಯಿತ್ತು.

ನಾನು ಹೋಗಿ ಅದರಲ್ಲಿ ಕೂತೆ. ಅಪ್ಪ ಕೊಟ್ಟ ದುಡ್ಡನ್ನು ಎರಡು ಕಣ್ಣಿಗೂ ಒತ್ತಿಕೊಂಡು ಡ್ರಾಯರಿಗೆ ಹಾಕಿದೆ.